ಹಾಡಿ–ಪೋಡುಗಳ ಸಕ್ಕರೆ ಕಾಯಿಲೆ ತಪಾಸಣೆ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು.

ಇವರಿಂದ,
ಜೇನುಕುರುಬ, ಸೋಲಿಗ ಹಾಡಿ–ಪೋಡುಗಳ ನಿವಾಸಿಗಳು.

ವಿಷಯ: ಸಿಕಲ್ ಸೆಲ್ ಇರುವವರ ಸಕ್ಕರೆ ಕಾಯಿಲೆಯನ್ನು ಸರಿಯಾದ ಪರೀಕ್ಷೆಯಿಂದ ಪತ್ತೆ ಮಾಡುವ ಬಗ್ಗೆ, ಹಾಗೂ ಇತರೆ.

ಉಲ್ಲೇಖ: ಇದೇ ವಿಷಯವಾಗಿ ಹಿಂದೆ ಕೊಟ್ಟ ಮನವಿಗಳು (ಸ್ವೀಕೃತಿ ಮುದ್ರೆಯಿದೆ, ಉತ್ತರವಿಲ್ಲ).

ಮಾನ್ಯರೇ,

ನಮ್ಮ ಹಾಡಿಯ ಹೆಣ್ಣುಮಗಳೊಬ್ಬಳ ಕಾಲನ್ನು ಕಳೆದ ತಿಂಗಳು ಮೊಣಕಾಲಿನ ಕೆಳಗೆ ತೆಗೆದರು. ಅದಕ್ಕೆ ಮೊದಲು ಶಿಬಿರವೊಂದರಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ ಮಾತ್ರ ನೋಡಿ "ಸಕ್ಕರೆ ಇಲ್ಲ" ಎಂದು ಚೀಟಿ ಬರೆದು ಕಳಿಸಿದ್ದರು (ಅಡಕ 1). ಆಸ್ಪತ್ರೆಗೆ ಸೇರಿಸಿದ ದಿನ ಖಾಲಿ ಹೊಟ್ಟೆಯ ಸಕ್ಕರೆ 310 (ಅಡಕ 2). ಸಿಕಲ್ ಸೆಲ್ ಕಾಯಿಲೆಯ ಸರ್ಕಾರಿ ಕಾರ್ಡ್ ಶಿಬಿರದ ದಿನವೂ ಆಕೆಯ ಕೈಚೀಲದಲ್ಲೇ ಇತ್ತು (ಅಡಕ 3). ಯಾರೂ ಕೇಳಲಿಲ್ಲ.

ಈ ಕಾಯಿಲೆಯವರ ಕೆಂಪು ರಕ್ತಕಣ 120 ದಿನ ಬಾಳದೆ ಎರಡು–ಮೂರು ವಾರಗಳಲ್ಲೇ ಸಾಯುತ್ತದೆ. ಸಕ್ಕರೆ ಅಂಟಲು ಕಾಲವೇ ಸಿಗದೆ ಪರೀಕ್ಷೆಯ ಅಂಕಿ ಸುಳ್ಳಾಗಿ ಇಳಿಯುತ್ತದೆ. ಇಂಥವರಿಗೆ ರಕ್ತದ ಸಕ್ಕರೆಯನ್ನೇ ನೇರ ಅಳೆಯಬೇಕೆಂಬುದು ವೈದ್ಯಾಧಿಕಾರಿಗಳಿಗೆ ನಾವು ಹೇಳಿಕೊಡುವ ಪಾಠವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಎಚ್‌ಬಿಎ1ಸಿ ಪರೀಕ್ಷೆಯನ್ನು ಒಪ್ಪಿದಾಗಲೇ, ಅಳತೆ ಕೆಡಿಸುವ ಸ್ಥಿತಿ ಇರಬಾರದೆಂಬ ಷರತ್ತು ಹಾಕಿದೆ (ಅಡಕ 4). 2023ರಲ್ಲಿ ಆರಂಭವಾದ ಸಿಕಲ್ ಸೆಲ್ ಅಭಿಯಾನದವರು ಬಂದು ರಕ್ತ ತೆಗೆದರು. ಸಕ್ಕರೆಯವರು ಬಂದು ಮತ್ತೆ ತೆಗೆದರು. ಎರಡೂ ರಿಜಿಸ್ಟರ್ ಒಂದೇ ಬೀರುವಿನಲ್ಲಿವೆ. ಅವನ್ನು ಪಕ್ಕಪಕ್ಕ ತೆರೆಯಲು ಯಾವ ಅನುದಾನ ಬೇಕು, ಸ್ವಾಮಿ? ಈ ತಪ್ಪು ಲೆಕ್ಕದ ಮೇಲೆಯೇ "ಆದಿವಾಸಿಗಳಲ್ಲಿ ಮಧುಮೇಹ ಕಡಿಮೆ" ಎಂದು ಯೋಜನೆಯಲ್ಲಿ ಬರೆದು, ನಮ್ಮ ಪಾಲಿನ ಸ್ಟ್ರಿಪ್, ಮಾತ್ರೆಗಳನ್ನೂ ಇಳಿಸಲಾಗಿದೆ.

ಆದ್ದರಿಂದ ಸಿಕಲ್ ಸೆಲ್ ಕಾರ್ಡ್ ಇರುವ, 30 ದಾಟಿದ ಎಲ್ಲರಿಗೂ, ವಾಹಕರೂ ಸೇರಿ, ಖಾಲಿ ಹೊಟ್ಟೆಯ ಪರೀಕ್ಷೆಯನ್ನು ಹಾಡಿಯಲ್ಲೇ, ಜನ ಕೂಲಿಗೆ ಹೊರಡುವ ಮೊದಲು ಮಾಡಿಸಬೇಕು. ಎಚ್‌ಬಿಎ1ಸಿ ಒಂದನ್ನೇ ನಂಬಿ ಚೀಟಿ ಬರೆಯಬಾರದೆಂದು ಲಿಖಿತ ಆದೇಶ ಹೊರಡಿಸಬೇಕು. ಹಾಗೆ ಚೀಟಿ ಪಡೆದು ಮನೆಗೆ ಹೋದವರ ಪಟ್ಟಿ ನಮಗೆ ಬೇಕು. ಕಾಲು ಕಳೆದುಕೊಂಡವಳಿಗೆ ಕೃತಕ ಕಾಲು, ಅಂಗವಿಕಲ ವೇತನ ಕೂಡಲೇ ಸಿಗಬೇಕು.

ಇತರೆ: ಇನ್ಸುಲಿನ್ ಇಡಲು ಅಂಗನವಾಡಿಗೆ ಫ್ರಿಜ್, ಪಡಿತರದಲ್ಲಿ ರಾಗಿ ಹೆಚ್ಚಳ, ಬೀದಿ ದೀಪ. ತಪಾಸಣಾ ತಂಡದ ಜೀಪನ್ನು ಸ್ಥಳೀಯರಿಂದಲೇ ಬಾಡಿಗೆಗೆ ಪಡೆಯುವುದು (ನಮ್ಮ ಖಜಾಂಚಿಯವರದು ಸುಸ್ಥಿತಿಯಲ್ಲಿದೆ). ರಕ್ತ ತೆಗೆಯುವ ಕೆಲಸಕ್ಕೆ, ಲ್ಯಾಬ್ ಕೋರ್ಸ್ ಮುಗಿಸಿ ಮನೆಯಲ್ಲಿ ಕೂತಿರುವ ಅಧ್ಯಕ್ಷರ ಸೊಸೆಯನ್ನು ಪರಿಗಣಿಸುವುದು.

15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಮುಂದಿನ ಶಿಬಿರದಲ್ಲಿ ಹಾಡಿಯ ಒಬ್ಬರೂ ಬೆರಳು ಚಾಚುವುದಿಲ್ಲವೆಂದು ವಿನಯದಿಂದ ತಿಳಿಸುತ್ತೇವೆ.

ತಮ್ಮ ವಿಶ್ವಾಸಿಗಳು,
(ಸಹಿ ಹಾಗೂ ಹೆಬ್ಬೆಟ್ಟುಗಳು)