ಅಳತೆ ಹೇಳದ ಹ್ಯಾಂಡಲ್‌ಬಾರ್

ದೂರಪ್ರಯಾಣದ ಮೋಟಾರ್‌ಸೈಕಲ್‌ಗಳಿಗೆ ಬದಲಿ ಹ್ಯಾಂಡಲ್‌ಬಾರ್ ತಯಾರಿಸುವುದು ನಮ್ಮ ಸಣ್ಣ ಉದ್ದಿಮೆದಾರರ ಶಕ್ತಿಗೆ ಮೀರಿದ ಕೆಲಸವಲ್ಲ. ಕೊಳವೆ, ಬಾಗಿಸುವ ಯಂತ್ರ, ಲೇಪನ ಇವೆಲ್ಲ ನಮ್ಮ ಕೈಗಾರಿಕಾ ವಸಾಹತುಗಳಲ್ಲಿಯೇ ಲಭ್ಯ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದೂ ಅನುಕೂಲಕರವೇ. ಆದರೂ ಅಂಗಡಿಯ ಗೋಡೆಗೆ ತೂಗುಹಾಕಿದ ಸರಕಿನ ಮೇಲೆ ಹೊಳಪಿದೆ, ಬೆಲೆಯಿದೆ. ಅಳತೆ ಮಾತ್ರ ಇರುವುದು ಅಪರೂಪ.

ಬೆಂಗಳೂರಿನಿಂದ ಕಾರವಾರದವರೆಗೆ ಒಂದೇ ದಿನದಲ್ಲಿ ಸಾಗುವ ಸವಾರನಿಗೆ ಬೇಕಾದುದು ಮೂರು ಅಳತೆಗಳು: ಹಿಡಿಯ ಏರು, ಸವಾರನ ಕಡೆಗಿನ ಹಿಂಬಾಗು, ತುದಿಯಿಂದ ತುದಿಗೆ ಅಗಲ. ಇವುಗಳಲ್ಲಿ ಹಿಂಬಾಗನ್ನು ಕೇಳುವವರೇ ವಿರಳ, ಆದರೆ ನೋವು ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ. ಹಿಡಿಯ ಕೋನ ಹೊಂದದೆ ಮಣಿಕಟ್ಟು ತಿರುಚಿಕೊಂಡರೆ ಅಂಗೈಯ ಅಂಚಿನ ನರದ ಮೇಲೆ ಒತ್ತಡ ಬಿದ್ದು ಕಿರುಬೆರಳೂ ಉಂಗುರಬೆರಳೂ ಜೋಮು ಹಿಡಿಯುತ್ತವೆ. ಹಿಡಿ ಎತ್ತರವಾದಷ್ಟೂ ಸುಖವೆಂಬ ನಂಬಿಕೆಯೊಂದು ವರ್ತಕರಲ್ಲಿಯೂ ಬೇರೂರಿದೆ. ನೆಟ್ಟಗೆ ಕುಳಿತವನ ಎದೆಗೆ ಗಾಳಿ ಬಡಿಯುತ್ತದೆ, ದೇಹಭಾರವೆಲ್ಲ ಬೆನ್ನಿನ ಬುಡಕ್ಕೆ ಇಳಿಯುತ್ತದೆ. ಅಲ್ಪ ಮುಂಬಾಗು, ಸಡಿಲವಾಗಿ ಮಡಿದ ಮೊಣಕೈ, ಏರದ ಭುಜ ಇವೇ ದೀರ್ಘ ಸವಾರಿಗೆ ಹಿತ. ಎಷ್ಟೋ ಸಲ ಹೊಸ ಬಾರ್ ಬೇಡವೇ ಬೇಡ. 20 ಅಥವಾ 30 ಮಿಲಿಮೀಟರ್ ಎತ್ತರದ ರೈಸರ್ ಸಾಕು. ಅದನ್ನು ಗ್ರಾಹಕನಿಗೆ ಹೇಳುವ ವರ್ತಕನ ಬಳಿಗೆ ಆ ಗ್ರಾಹಕ ಮರಳಿ ಬರುತ್ತಾನೆ.

ಇನ್ನು ವ್ಯಾಸದ ವಿಚಾರ. ಹಿಡಿಯ ಭಾಗ ಸಾಮಾನ್ಯವಾಗಿ 22 ಮಿಲಿಮೀಟರ್, ಕೆಲವು ಕ್ರೂಸರ್‌ಗಳಲ್ಲಿ 25.4. ಕ್ಲಾಂಪ್ ಹಿಡಿಯುವ ನಡುಭಾಗ 22 ಇರಬಹುದು, 28.6 ಕೂಡ ಇರಬಹುದು. ಇದನ್ನು ಮುದ್ರಿಸದಿದ್ದರೆ ಸರಕು ಹಿಂದಿರುಗುವುದು ಖಂಡಿತ, ಸಾಗಣೆಯ ವೆಚ್ಚ ಯಾರ ತಲೆಗೆಂಬುದು ಮಾತ್ರ ಪ್ರಶ್ನೆ. ಸ್ವಿಚ್ ಕವಚದ ಗೂಟಕ್ಕೆ ಬೇಕಾದ ರಂಧ್ರದ ಸ್ಥಾನವನ್ನೂ ತಿಳಿಸುವುದು ಒಳಿತು. ಮೆಕ್ಯಾನಿಕ್ ಅಂದಾಜಿನಿಂದ ಕೊರೆದ ರಂಧ್ರ ಕೊಳವೆಯನ್ನೇ ದುರ್ಬಲಗೊಳಿಸೀತು.

ಇವೆಲ್ಲಕ್ಕಿಂತ ಗಂಭೀರವಾದುದು ಬ್ರೇಕ್ ಹೋಸ್. ಬಾರ್ ಎತ್ತರಿಸಿದಾಗ ಹೋಸ್, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್‌ಗಳು ಬಿಗಿಯುತ್ತವೆ. ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಅವು ಎಳೆಯಬಾರದು, ಎಂಜಿನ್ ವೇಗ ಏರಬಾರದು, ಬಾರ್ ಟ್ಯಾಂಕಿಗೆ ತಾಗಬಾರದು. ಎಷ್ಟು ಏರಿಗೆ ಯಾವ ಉದ್ದದ ಹೋಸ್ ಎಂಬುದನ್ನು ತಯಾರಕರೇ ನಮೂದಿಸಿ, ಬಾರ್ ಮತ್ತು ಹೋಸನ್ನು ಒಂದೇ ಪೆಟ್ಟಿಗೆಯಲ್ಲಿ ಮಾರುವುದು ಲಾಭಕ್ಕೂ ದಾರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮಾರ್ಪಾಡುಗಳಿಗೆ ಮಿತಿ ಹಾಕಿರುವುದರಿಂದ, ಮೂಲ ಆಕಾರಕ್ಕೆ ಸಮೀಪವಿರುವ ಮಾದರಿಗಳನ್ನೇ ಆರಿಸಿಕೊಳ್ಳುವುದು ವಿವೇಕ.

ಪೆಟ್ಟಿಗೆಯ ಮೇಲೊಂದು ರೇಖಾಚಿತ್ರ, ಆರೇಳು ಅಂಕಿಗಳು: ಇದಕ್ಕೆ ತಗಲುವುದು ಮುದ್ರಣದ ಖರ್ಚು ಮಾತ್ರ. ಬಿಡಿಭಾಗ ತಯಾರಿಸುವ ಸದಸ್ಯರು ಒಟ್ಟಾಗಿ ಕುಳಿತು ಸಮಾನ ನಮೂನೆಯೊಂದನ್ನು ಸಿದ್ಧಪಡಿಸುವುದಾದರೆ, ಮೊದಲು ಹಿಂಬಾಗನ್ನು ಯಾವ ಬಿಂದುವಿನಿಂದ ಅಳೆಯಬೇಕೆಂಬುದನ್ನು ನಿರ್ಧರಿಸಿಕೊಳ್ಳಲಿ.