ಫೋಟೊ ಕತ್ತರಿಸುವ ಕೋಡ್‌ಗೂ ಪಕ್ಷಪಾತ ಇದೆ

ಇಂಜಿನಿಯರ್ ಆಗಿದ್ದಾಗ ಫೋಟೊ ಕ್ರಾಪ್ ಮಾಡುವ ಕೋಡ್ ನಾನೂ ಬರೆದಿದ್ದೇನೆ. ನಡುಭಾಗ ಉಳಿಸು, ಅಂಚು ಕತ್ತರಿಸು, ಅಷ್ಟೇ. ಅಂಚಿನಲ್ಲಿ ನಿಂತವರು ಯಾರು ಅಂತ ಯೋಚಿಸಿರಲಿಲ್ಲ.

2018ರಲ್ಲಿ ಟ್ವಿಟರ್ ಈ ಕೆಲಸವನ್ನು ಎಐಗೆ ವಹಿಸಿತು. ನೋಡುವವರ ಕಣ್ಣು ಮೊದಲು ಎಲ್ಲಿ ಹೋಗಬಹುದೆಂದು ಊಹಿಸಿ, ಅಷ್ಟು ಭಾಗವನ್ನು ಅದು ಉಳಿಸುತ್ತಿತ್ತು. 2020ರಲ್ಲಿ ಬಳಕೆದಾರರೇ ಪರೀಕ್ಷೆಗಿಳಿದರು. ಒಬಾಮ, ಮಿಚ್ ಮೆಕಾನಲ್ ಇಬ್ಬರೂ ಇದ್ದ ಉದ್ದನೆಯ ಚಿತ್ರ ಹಾಕಿದರೆ ಕಂಡದ್ದು ಮೆಕಾನಲ್ ಮುಖ ಮಾತ್ರ. ಮರುವರ್ಷ ಕಂಪನಿಯ ಸ್ವಂತ ಅಧ್ಯಯನವೇ ಹೇಳಿತು: ಬಿಳಿಯರತ್ತ ಶೇ 4, ಮಹಿಳೆಯರತ್ತ ಶೇ 8ರಷ್ಟು ಒಲವು.

ಟ್ವಿಟರ್ ಅಲ್ಗಾರಿದಮ್ ತಿದ್ದುತ್ತಾ ಕೂರಲಿಲ್ಲ. ಮೊಬೈಲ್‌ನಲ್ಲಿ ಸಾಮಾನ್ಯ ಅಳತೆಯ ಚಿತ್ರಗಳನ್ನು ಪೂರ್ತಿಯಾಗಿ ತೋರಿಸತೊಡಗಿತು. ಕ್ರಾಪ್ ಮಾಡುವ ತೀರ್ಮಾನ ಮನುಷ್ಯರದ್ದು ಎಂದಿತು. ಪಾಠ ಇದೇ: ಕ್ರಾಪ್ ಅನ್ನೋದು ಸಂಪಾದಕೀಯ ನಿರ್ಧಾರ. ಕೋಡ್ ಬರೆಯುವ ಗೆಳೆಯರೇ, ಕತ್ತರಿಯನ್ನು ಫೋಟೊ ಹಾಕುವವರ ಕೈಗೇ ಕೊಡಿ.