ಫೀಜು ಎಷ್ಟು ಅಂತ ಕೇಳಿದರೆ ಸಾಲದು

ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಕೇರಿಗಳಿಗೆ ಕಾಲೇಜು ಏಜೆಂಟರು ಬರತೊಡಗುತ್ತಾರೆ. ಬೇರೆ ದಿನ ಈ ಕಡೆ ತಲೆ ಹಾಕದವರು ಆಗ ಜಗುಲಿ ಮೇಲೆ ಕೂತು ನೀರು ಕೇಳಿ ಕುಡೀತಾರೆ. 'ಸ್ಕಾಲರ್‌ಶಿಪ್ ಬರುತ್ತೆ, ನೀವು ಒಂದು ಪೈಸೆ ಕೊಡಬೇಕಾಗಿಲ್ಲ, ಮಾರ್ಕ್ಸ್ ಕಾರ್ಡ್ ಕೊಡಿ ಸಾಕು' ಅಂತಾರೆ. ಅಕ್ಷರ ಬಾರದ ಅಪ್ಪ ಅವ್ವ ನಂಬದೆ ಇನ್ನೇನು ಮಾಡಿಯಾರು?

ಗೆಳೆಯರೇ, ಅವರು ಹೇಳದೆ ಬಿಡುವ ಮಾತೊಂದಿದೆ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸಿಗುವುದಿಲ್ಲ. ಸಿಇಟಿಯಲ್ಲಿ ಸರ್ಕಾರಿ ಸೀಟು ಪಡೆದವನೂ, ಹಿಂಬಾಗಿಲಿನಿಂದ ಬಂದವನೂ ಒಂದೇ ಬೆಂಚಿನಲ್ಲಿ ಕೂರಬಹುದು. ಆದರೆ ಒಬ್ಬನಿಗೆ ವಿದ್ಯಾರ್ಥಿವೇತನ, ಇನ್ನೊಬ್ಬನ ಅಪ್ಪನಿಗೆ ಸಾಲ. ಸೀಟು ಯಾವ ಕೋಟಾದ್ದು ಅಂತ ಬರೆದುಕೊಡದವರ ಕೈಗೆ ಮಾರ್ಕ್ಸ್ ಕಾರ್ಡ್ ಕೊಡಬೇಡಿ. ಅಸಲು ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ, ನೋಡಿ ವಾಪಸು ಕೊಡಬೇಕು ಎಂದು ಯುಜಿಸಿ 2018ರಲ್ಲೇ ಹೇಳಿದೆ.

ಎಷ್ಟು ಅನ್ನೋದಕ್ಕಿಂತ ಯಾವಾಗ ಅನ್ನೋದೇ ನಮ್ಮ ಮನೆಗಳಲ್ಲಿ ದೊಡ್ಡ ಪ್ರಶ್ನೆ. 2024ರ ಜೂನ್‌ನಲ್ಲಿ ಉತ್ತರ ಪ್ರದೇಶದ ದಲಿತ ಕೂಲಿಕಾರನೊಬ್ಬನ ಮಗನಿಗೆ ಧನ್‌ಬಾದ್ ಐಐಟಿಯಲ್ಲಿ ಸೀಟಾಯಿತು. ಕಟ್ಟಬೇಕಾದದ್ದು 17,500 ರೂಪಾಯಿ. ಅವರಿವರ ಹತ್ತಿರ ಎತ್ತಿ ಕೂಡಿಸುವ ಹೊತ್ತಿಗೆ ಗಡುವು ಮೀರಿತು, ಸೀಟು ಹೋಯಿತು. ಅವನನ್ನು ಸೇರಿಸಿಕೊಳ್ಳಿ ಅಂತ ಸುಪ್ರೀಂ ಕೋರ್ಟೇ ಸೆಪ್ಟೆಂಬರ್ 30ರಂದು ಹೇಳಬೇಕಾಯಿತು. ದಿಲ್ಲಿಯವರೆಗೂ ಹೋಗಲಾರದೆ ಸೀಟು ಬಿಟ್ಟವರ ಲೆಕ್ಕ ಇಟ್ಟವರು ಯಾರು? ಕೇಂದ್ರದ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ ಎಂಬುದೊಂದಿದೆ, ಮುಂಗಡ ಫೀಜು ಕಟ್ಟದೆ ಸೇರುವುದಕ್ಕೇ ಅದು ಇರೋದು. ಕಾಲೇಜಿನ ಕಿಟಕಿಯಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ಇನ್ನು ಹೊಟ್ಟೆಪಾಡು. 2021ರ ಮಾರ್ಗಸೂಚಿಯ ಪ್ರಕಾರ ಬಿ.ಎ., ಬಿ.ಎಸ್ಸಿ. ಓದುವವರಿಗೆ ಸಿಗುವ ನಿರ್ವಹಣಾ ಭತ್ಯೆ ಹಾಸ್ಟೆಲಿನಲ್ಲಿದ್ದರೆ ವರ್ಷಕ್ಕೆ 6,000 ರೂಪಾಯಿ, ಮನೆಯಿಂದ ಓಡಾಡಿದರೆ 3,000. ಅಂದರೆ ತಿಂಗಳಿಗೆ 250. ಬಸ್ಸು, ಜೆರಾಕ್ಸು, ನೋಟ್‌ಬುಕ್ಕು ಎಲ್ಲಾ ಇದರಲ್ಲೇ. ಬಾಡಿಗೆ ರೂಮಿನ ಮಾತು ಹಾಗಿರಲಿ, ರೂಮು ಕೊಡುವ ಮುಂಚೆ 'ನೀವು ಯಾವ ಜನ' ಅಂತ ಕೇಳುವ ಓನರುಗಳ ವಿಷಯ ನಿಮಗೇ ಗೊತ್ತು. ಹೀಗಾಗಿ ನಾವು ಹೇಳೋದು, ಮೊದಲು ಹಾಸ್ಟೆಲ್ ನೋಡಿ, ಆಮೇಲೆ ಕಾಲೇಜು. ಕಾಲೇಜಿನ ಸೀಟು ಬೇರೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸೀಟು ಬೇರೆ. ಅರ್ಜಿಯೂ ಬೇರೆ ಬೇರೆ. ಒಂದು ಸಿಕ್ಕಿತು ಅಂತ ಇನ್ನೊಂದನ್ನು ಮರೆತವರು ನಡುವರ್ಷದಲ್ಲಿ ಟ್ರಂಕು ಹೊತ್ತು ಊರಿಗೆ ಮರಳಿದ್ದನ್ನು ನಾವು ನೋಡಿದ್ದೇವೆ.

ಹಾಗಂತ ಅಗ್ಗದ್ದೆಲ್ಲ ಒಳ್ಳೆಯದಲ್ಲ. ಮೇಷ್ಟ್ರಿಲ್ಲದ, ಲ್ಯಾಬಿಗೆ ಬೀಗ ಹಾಕಿದ ಕಾಲೇಜಿನಲ್ಲಿ ಮೂರು ವರ್ಷ ಕಳೆಯೋದು ಫೀಜಿಗಿಂತ ದುಬಾರಿ. 'ನಿಮಗೆ ಬಿ.ಎ. ಸಾಕು ಬಿಡ್ರೋ' ಅನ್ನುವವರ ಮಾತು ಕೇಳಿ ವಿಜ್ಞಾನ ಬಿಡಲೂ ಬೇಡಿ. ಸರ್ಕಾರಿ ಅಂದರೆ ಕೀಳು ಅನ್ನೋದು ಸೀಟು ಮಾರುವವರು ಹುಟ್ಟಿಸಿದ ಮಾತು. ಮೈಸೂರಿನ ಮಹಾರಾಜ, ಯುವರಾಜ ಕಾಲೇಜುಗಳಿವೆ, ಬೆಂಗಳೂರಿನಲ್ಲಿ 1917ರಲ್ಲಿ ಶುರುವಾದ ಯುವಿಸಿಇ ಇದೆ. ಬಾಬಾಸಾಹೇಬರು ಬರೋಡಾ ಮಹಾರಾಜರು ಕೊಟ್ಟ ತಿಂಗಳಿಗೆ 25 ರೂಪಾಯಿಯಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದವರು. 1946ರಲ್ಲಿ ತಾವೇ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ಕೆಲಸಕ್ಕೆ ಹೋಗುವ ಹುಡುಗರಿಗಾಗಿ ಬೆಳಗಿನ ಹೊತ್ತೇ ತರಗತಿ ಇಡಿಸಿದರು. ದುಡಿದು ಓದಬೇಕಾದವರು ಕಾಲೇಜಿನ ವೇಳಾಪಟ್ಟಿಯನ್ನೂ ಮೊದಲೇ ಕೇಳಿಕೊಳ್ಳಿ.

ಬಣ್ಣದ ಪ್ರಾಸ್ಪೆಕ್ಟಸ್ಸಿನಲ್ಲಿ ಇದೊಂದೂ ಇರೋದಿಲ್ಲ. ಇದೆಲ್ಲ ಗೊತ್ತಿರೋದು ಹಾಸ್ಟೆಲಿನ ಹಿರಿಯ ಹುಡುಗ ಹುಡುಗಿಯರಿಗೆ. ನೀವು ನಿಜವಾಗಿ ಕಟ್ಟಿದ್ದೆಷ್ಟು, ವಿದ್ಯಾರ್ಥಿವೇತನ ಯಾವ ತಿಂಗಳು ಬಂತು, ಎಷ್ಟು ವಿಷಯಕ್ಕೆ ಮೇಷ್ಟ್ರಿದ್ದಾರೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮುಂದಿನ ಸಭೆಗೆ ತನ್ನಿ. ರಸೀದಿ ಕೊಡದೆ ಹಣ ಇಸಕೊಂಡ ಕಾಲೇಜುಗಳ ಹೆಸರು ಬೇರೆ ಹಾಳೆಯಲ್ಲಿರಲಿ.